ಮೇಲೆ ಮಣ್ಣು ಬೇಡ

ಬಂಡೆಪ್ಪ ಸೊಂಟದಾಳದ ಕುಣಿಯಲ್ಲಿ ನಿಂತು ಹಾರೆಯಿಂದ ಕಲ್ಲೊಂದನ್ನು ಮೀಟುತ್ತಿದ್ದಾಗ ಹೆಣ ತಂದ ಟೆಂಪೊ ಹೊಲದ ದಾರಿಗೆ ಇಳಿಯಿತು. ನಸುಕಿಗೇ ಬೆಳಗಾವಿ ಬಿಡುತ್ತೇವೆಂದು ಹೇಳಿದ್ದವರು ಬಿಸಿಲೇರಿದ ಮೇಲೆ ಬಂದಿದ್ದರು. ಬೈಯಬೇಕೆಂದೇ ಅವನು ತಲೆಯೆತ್ತಿದ. ಟೆಂಪೊ ಪೂರ್ತಿ ನಿಲ್ಲುವ ಮೊದಲೇ ಮನಿಷಾ ಕೆಳಗಿಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಕುಣಿಯ ಅಂಚಿಗೆ ಬಂದು ನಿಂತಳು. ಸತ್ತವಳು ಅವಳ ಅತ್ತೆ ಸಿದ್ದಕ್ಕ, ಬಂಡೆಪ್ಪನ ತಮ್ಮ ರಾಯಪ್ಪನ ಹೆಂಡತಿ.

“ದೊಡ್ಡ ಮಾವಾರ, ತೋಡೂದು ನಿಂದ್ರಸ್ರಿ,” ಅಂದಳು.

“ಮುಗದಂಗ ಆತ ತಂಗಿ. ಇದೊಂದ ಕಲ್ಲ ತಗದ್ರ ಆತು.”

“ಅತ್ತಿಗಿ ಮಣ್ಣ ಬ್ಯಾಡ್ರಿ. ಸುಡೂಣು.”

ಬಂಡೆಪ್ಪನಿಗೆ ಮೊದಲು ಅದು ತಲೆಗೆ ಹೋಗಲಿಲ್ಲ. ಕುರಿ ಮೇಯಿಸಿಕೊಂಡಿದ್ದ ಅಜ್ಜನ ಕಾಲದಿಂದಲೂ ಅವರ ಮನೆತನದವರೆಲ್ಲ ಖಾನಾಪುರದಾಚೆಯ ಈ ಹೊಲದ ಬದುವಿನಲ್ಲೇ ಮಣ್ಣಾಗಿದ್ದರು. ಊರವರನ್ನು ಅವನು ‘ಮಣ್ಣಿಗೆ ಬರ್ರಿ’ ಎಂದೇ ಕರೆದು ಬಂದಿದ್ದ. ಪೂಜೆ ಮಾಡಬೇಕಾದ ಬಸಯ್ಯನವರು ವಿಭೂತಿ, ಬಿಲ್ವಪತ್ರೆ ಇಟ್ಟುಕೊಂಡು ನೇರಳೆ ಮರದ ಕೆಳಗೆ ಆಗಲೇ ಕುಳಿತಿದ್ದರು. ಅವನು ಕುಣಿಯಿಂದ ಮೇಲೆ ಹತ್ತಿ, ಸೊಸೆಯ ಮಾತಿಗೆ ಉತ್ತರ ಕೊಡದೆ, ಟೆಂಪೊದಿಂದ ಇಳಿಯುತ್ತಿದ್ದ ಅವಳ ಗಂಡ ಕಲ್ಮೇಶನನ್ನು ಕೇಳಿದ: ಇದು ಯಾರ ಮಾತು?

ಕಲ್ಮೇಶ ರವಿವಾರ ಪೇಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ದಿನವಿಡೀ ಎರಡೂ ಕಡೆಯವರಿಗೆ ಹೌದು ಹೌದು ಎನ್ನುವುದೇ ಅವನ ಕೆಲಸ. ಅವ್ವ ಹಾಗೆ ಅಂದದ್ದು ಖರೇ, ಆದರೆ ಅವ್ವ ಏನೇನೋ ಅನ್ನುತ್ತಿದ್ದಳು, ದೊಡ್ಡಪ್ಪ ಹೇಳಿದ ಹಾಗೆ ಆಗಲಿ ಎಂದ. ಮನಿಷಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ರಾತ್ರಿಯಿಂದ ಅವರಿಬ್ಬರ ನಡುವೆ ಇದೇ ಜಗಳ. ತಡವಾದದ್ದೂ ಇದಕ್ಕೇ.

ರಾಯಪ್ಪ ಟೆಂಪೊದಿಂದ ಇಳಿದೇ ಇರಲಿಲ್ಲ. ಹೆಂಡತಿಯ ತಲೆಯ ಬಳಿ, ಬಿಸಿಯೇರಿದ ತಗಡಿಗೆ ಬೆನ್ನು ಆನಿಸಿ ಕುಳಿತಿದ್ದ.

ಹೆಣವನ್ನು ನೆರಳಿಗೆ ತಂದು ಇಳಿಸಿದರೂ ಅವನು ಟೆಂಪೊದಲ್ಲೇ ಉಳಿದ. ಊರ ಹೆಂಗಸರು ಸುತ್ತ ಕುಳಿತು ಒಂದಿಷ್ಟು ಅತ್ತರು, ಆಮೇಲೆ ಮಾತಿಗೆ ಬಿದ್ದರು. ಬಂಡೆಪ್ಪನ ಹೆಂಡತಿ ಭರಮವ್ವ ವಾರಗಿತ್ತಿಯ ಕಾಲು ಒತ್ತುತ್ತ, ಭೂಮಿ ನಡಗತೈತಿ ನಡಗತೈತಿ ಅಂತ ಏಳೆಂಟು ವರ್ಷ ಮನೆಮಂದಿಯ ಜೀವ ತಿಂದಳು, ಕಡೆಗೆ ಗಟ್ಟಿಮುಟ್ಟಾದ ಮನೆಯೊಳಗೆ ಕುಂತಲ್ಲೇ ಹೋದಳು ಎಂದಳು. ಯಾರೋ ನಕ್ಕಂತಾಯಿತು. ಮನಿಷಾಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಈ ಮಾತನ್ನು ಅವಳೇ ಎಷ್ಟು ಸಲ ಆಡಿದ್ದಳೋ. ಸಿಟ್ಟು ಬಂದದ್ದು ಮಲಗಿದ್ದವಳ ಮೇಲೆ.

*

ಮಾಯಾ ಸಿದ್ದಕ್ಕನ ಹಿರಿಯ ಮಗಳು. ಅವಳನ್ನು ಕೊಟ್ಟದ್ದು ಮಹಾರಾಷ್ಟ್ರದ ಉಮರ್ಗಾದ ಕಡೆ, ಕಿಲ್ಲಾರಿಯ ಆಸುಪಾಸಿನ ಒಂದು ಹಳ್ಳಿಗೆ. ತೊಂಬತ್ತಮೂರರಲ್ಲಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರಲು ಸಿದ್ದಕ್ಕ ಹೋಗಿದ್ದಳು. ಗಣಪತಿ ಬಿಟ್ಟ ಮರುದಿನ ಬೆಳಕು ಹರಿಯುವ ಮೊದಲೇ ಭೂಮಿ ನಡುಗಿತು. ಕರಿಗಲ್ಲಿನ ಗೋಡೆಗಳೂ ಮಣ್ಣಿನ ಮಾಳಿಗೆಯೂ ಒಟ್ಟಿಗೆ ಕುಸಿದವು. ಅಳಿಯ ಹೊರಗಿನ ಕಟ್ಟೆಯ ಮೇಲೆ ಮಲಗಿದ್ದರಿಂದ ಉಳಿದ. ತಾಯಿ ಮಗಳು ಒಂದೇ ತೊಲೆಯ ಕೆಳಗೆ, ಕೈಗೆ ಕೈ ನಿಲುಕುವಷ್ಟು ದೂರದಲ್ಲಿ ಸಿಕ್ಕಿಬಿದ್ದರು.

ಅಲ್ಲಿ ನಡೆದದ್ದನ್ನು ಸಿದ್ದಕ್ಕ ಒಂದೇ ಸಲ ಬಾಯಿಬಿಟ್ಟು ಹೇಳಿದ್ದಳು, ಅದೂ ಹೊಸದಾಗಿ ಮನೆಗೆ ಬಂದ ಸೊಸೆಗೆ, ಅಕ್ಕಿ ಹಸನು ಮಾಡುತ್ತ, ತಲೆಯೆತ್ತದೆ.

“ಮಾಯಾ ಚೀರಿದ್ಲು. ಚೀರಿ ಚೀರಿ ದನಿ ಹೋತು. ಮ್ಯಾಲ ಮಂದಿ ಅಡ್ಡಾಡೂದು ನಮಗ ಕೇಳತಿತ್ತು, ನಾವು ಅವರಿಗೆ ಕೇಳತಿರಲಿಲ್ಲ. ನಾ ಒಂದ ಕಲ್ಲ ತಗೊಂಡ ತೊಲಿಗೆ ಬಡದ್ನಿ. ಬಡದು, ತಡದು, ಮತ್ತ ಬಡದ್ನಿ. ಚೀರಿದಾಕಿ ಹೋದ್ಲು. ಬಡದಾಕಿ ಉಳದ್ನಿ.”

ಮಿಲಿಟರಿಯವರು ಮಣ್ಣು ಸರಿಸಿ ಅವಳನ್ನು ಎತ್ತಿದಾಗ ಹೊತ್ತು ಇಳಿದಿತ್ತು. ಮಗಳ ಕೈ ಆಗಲೇ ತಣ್ಣಗಾಗಿತ್ತು.

ಊರಿಗೆ ಮರಳಿದ ಸಿದ್ದಕ್ಕ ಅಳುವುದನ್ನು ಬೇಗ ಬಿಟ್ಟಳು. ಮುಂದಿನ ಸಲಕ್ಕೆ ತಯಾರಾಗತೊಡಗಿದಳು. ರಾಯಪ್ಪ ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಕಾವಲುಗಾರನಾಗಿದ್ದವನು. ನಿವೃತ್ತಿಯಾದ ಮೇಲೆ ಇಬ್ಬರೂ ಮಗನ ಮನೆಗೆ ಬೆಳಗಾವಿಗೆ ಬಂದರು. ಬಂದ ವಾರದಲ್ಲೇ ಅವಳು ಅಟ್ಟದ ಮೇಲಿನ ಸಾಮಾನನ್ನೆಲ್ಲ ಇಳಿಸಿದಳು. ಮಲಗಿದವರ ತಲೆಯ ಮೇಲೆ ಏನೂ ಇರಕೂಡದು. ಮನಿಷಾಳ ತವರಿನವರು ಕೊಟ್ಟಿದ್ದ ಕಪಾಟು ಬಿದ್ದರೆ ಬಾಗಿಲಿಗೆ ಅಡ್ಡವಾಗುತ್ತದೆಂದು ಅದನ್ನು ಅವರಿಗೇ ವಾಪಸು ಕಳಿಸಿದಳು. ಬಾಗಿಲಿಗೆ ಅಗಳಿ ಹಾಕುವಂತಿಲ್ಲ. ಎಲ್ಲರ ತಲೆದೆಸೆಯಲ್ಲೂ ನೀರಿನ ತಂಬಿಗೆ, ಒಂದು ಗಂಟು ಅವಲಕ್ಕಿ. ಉಣ್ಣುತ್ತ ಕುಳಿತಿರುವಾಗಲೇ ‘ಏಳ್ರಿ’ ಎಂದು ಕೂಗಿದರೆ ಎಲ್ಲರೂ ಎಂಜಲು ಕೈಯಲ್ಲೇ ಬೀದಿಗೆ ಓಡಬೇಕು. ಓಣಿಯವರು ನಿಂತು ನೋಡುತ್ತಿದ್ದರು. ಗೋಡೆ ಸೀಳಿದೆಯೆಂದು ಮಾಲಕರೊಂದಿಗೆ ಜಗಳ ತೆಗೆದು ಎರಡು ಬಾಡಿಗೆ ಮನೆ ಬಿಡಿಸಿದಳು.

ತನ್ನ ಮೈಯನ್ನಂತೂ ಕರುಣೆಯಿಲ್ಲದೆ ಹಣ್ಣುಮಾಡಿದ್ದಳು. ಬೆಳಗಿನ ಜಾವ ಕ್ಯಾಂಪಿನ ತನಕ ಬಿರುಸಾಗಿ ನಡೆದು ಬರುವಳು. ಸೋಮವಾರ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾಗುವ ಹೊತ್ತಿಗೆ, ಈಗಿನ ಮನೆಯಲ್ಲಿ ಹಿಂದೆ ಬೆಲ್ಲದ ಗೋದಾಮಾಗಿದ್ದ ಕಿಟಕಿಯಿಲ್ಲದ ಕೋಣೆಗೆ ಹೊಕ್ಕು, ಅಗಳಿ ಹಾಕದೆ ಬಾಗಿಲು ಮುಂದೆ ಮಾಡಿಕೊಂಡು ಕೂಡುವಳು. ಕತ್ತಲೆ ರೂಢಿಯಾಗಬೇಕು, ಎದೆ ಹಾರಬಾರದು ಎನ್ನುವಳು. ನಡುನಡುವೆ ಗುಂಡುಕಲ್ಲಿನಿಂದ ಗೋಡೆಗೆ ಬಡಿಯುವಳು. ಬಡಿದು, ತಡೆದು, ಮತ್ತೆ ಬಡಿಯುವಳು. ತಾನು ಹೊರಬರುವ ತನಕ ಯಾರೂ ಬಾಗಿಲು ತೆಗೆಯಕೂಡದು. ಒಮ್ಮೆ ಕಲ್ಮೇಶ ಹೆದರಿ ಬಾಗಿಲು ತೆಗೆದದ್ದಕ್ಕೆ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

ಈ ವರ್ಷ ಜನವರಿಯಲ್ಲಿ ಗುಜರಾತಿನಲ್ಲಿ ಭೂಮಿ ನಡುಗಿದಾಗ ಮಾತ್ರ ಓಣಿಯವರು ಅವಳನ್ನು ಹುಡುಕಿಕೊಂಡು ಬಂದರು. ಎಲ್ಲಿ ಮಲಗಬೇಕು, ಏನು ಇಟ್ಟುಕೊಳ್ಳಬೇಕು ಎಂದು ಕೇಳಿದರು. ಅವಳು ಒಬ್ಬೊಬ್ಬರ ಮನೆಗೂ ಹೋಗಿ ತೋರಿಸಿಕೊಟ್ಟಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವರೆಲ್ಲ ಮತ್ತೆ ಅಗಳಿ ಹಾಕಿಕೊಂಡು, ಕಪಾಟಿನ ಬುಡದಲ್ಲಿ ಮಲಗತೊಡಗಿದರು. ಟೀವಿಯಲ್ಲಿ ಸಾಲಾಗಿ ಮಲಗಿಸಿದ ಹೆಣಗಳನ್ನು ನೋಡುತ್ತ ಕುಳಿತಿದ್ದವಳು ಒಂದು ಸಂಜೆ ಮನಿಷಾಳನ್ನು ಬಾಜುವಿಗೆ ಕರೆದಳು.

“ನಾ ಸತ್ತರ ಮ್ಯಾಲ ಮಣ್ಣ ಹಾಕಬ್ಯಾಡ್ರಿ. ಒಮ್ಮಿ ಹಾಕಿದ್ದ ಸಾಕಾಗೈತಿ ನನಗ.”

*

ಬಂಡೆಪ್ಪ ಜಗ್ಗಲಿಲ್ಲ. ಸುಟ್ಟರೆ ಮನೆತನದ ಹಿರಿಯರ ಸಾಲಿನಲ್ಲಿ ಅವಳಿಗೆ ಜಾಗವಿರುವುದಿಲ್ಲ, ವರುಷಕ್ಕೊಮ್ಮೆ ಎಡೆ ಇಡಲು ಗದ್ದುಗೆ ಇರುವುದಿಲ್ಲ, ನಾಳೆ ಊರವರು ತನ್ನ ಮುಖದ ಮೇಲೆ ಉಗುಳುತ್ತಾರೆ ಎಂದ. ಬಸಯ್ಯನವರನ್ನು ನಡುವೆ ಎಳೆದ. ಅವರು ಗಂಟಲು ಸರಿಮಾಡಿಕೊಂಡು, ಸುಡುವವರ ಪದ್ಧತಿ ತನಗೆ ಗೊತ್ತಿಲ್ಲ, ವಿಭೂತಿ ಹಚ್ಚಿ ಮಂತ್ರ ಹೇಳುವುದಷ್ಟೇ ತನ್ನ ಕೆಲಸ, ಮುಂದಿನದು ಮನೆಯವರಿಗೆ ಬಿಟ್ಟದ್ದು ಎಂದರು. ಊರವರಲ್ಲಿ ಕೆಲವರು ಬಿಸಿಲಾಯಿತೆಂದು ಎದ್ದು ನಿಂತರು. ಕಲ್ಮೇಶ ಹೆಂಡತಿಯ ಹತ್ತಿರ ಬಂದು, ಹೊಲ ದೊಡ್ಡಪ್ಪಂದು, ಮಂದಿಯ ಮುಂದೆ ಹಟ ಹಿಡಿಯಬೇಡ, ಸತ್ತವರಿಗೆ ಏನೂ ತಿಳಿಯುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡ.

“ಇಷ್ಟ ದಿನಾ ಆಕಿ ಕುಣಿಸಿದಂಗ ಕುಣದಿ, ಬೈಕೊಂತ ಕುಣದಿ,” ಎಂದ ಬಂಡೆಪ್ಪ. “ಈಗ ಸತ್ತಮ್ಯಾಲ ಎಲ್ಲಿಂದ ಬಂತ ಈ ಪ್ರೀತಿ?”

ನೀರು ಕುಡಿ ಎಂದು ಭರಮವ್ವ ಚೊಂಬು ಚಾಚಿದರೆ ಮನಿಷಾ ಅದನ್ನು ತಳ್ಳಿದಳು.

*

ನಿನ್ನೆ ಮಧ್ಯಾಹ್ನ ಅವಳು ಒಬ್ಬಳೇ ಹಪ್ಪಳ ಲಟ್ಟಿಸುತ್ತಿದ್ದಳು. ಕರೆಂಟು ಹೋಗಿತ್ತು. ಹಿಟ್ಟು ಬಿರುಸಾಗುತ್ತಿತ್ತು. ನೆರವಿಗೆ ಕೂಡಬೇಕಾದ ಅತ್ತೆ ದಿನದಂತೆ ಕೋಣೆ ಹೊಕ್ಕಿದ್ದಳು. ಮಾವ ಹೊರಗಿನ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದ. ಒಂದು ದಿನವಾದರೂ ಬಿಟ್ಟರೆ ಆಗುವುದಿಲ್ಲವೇ ಎಂದು ಮನಿಷಾ ಹಲ್ಲು ಕಚ್ಚಿಕೊಂಡು ಲಟ್ಟಣಿಗೆ ಓಡಿಸುತ್ತಿದ್ದಾಗ ಗೋಡೆಯ ಆ ಕಡೆ ಸದ್ದು ಶುರುವಾಯಿತು. ಬಡಿದು, ತಡೆದು, ಮತ್ತೆ ಬಡಿತ. ದಿನಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಒಮ್ಮೆ ಜೋರಾಯಿತು.

“ಸಾಕ ಮಾಡ್ರಿ ಅತ್ತಿ, ತಲಿ ಹಿಡದೈತಿ,” ಎಂದು ಅವಳು ಕುಳಿತಲ್ಲಿಂದಲೇ ಕೂಗಿದಳು.

ಇನ್ನೊಂದು ಬಡಿತ ಬಂತು. ಆಮೇಲೆ ನಿಂತಿತು. ಇಷ್ಟು ವರ್ಷದಲ್ಲಿ ಅತ್ತೆ ತನ್ನ ಮಾತು ಕೇಳಿದ್ದು ಇದೇ ಮೊದಲು ಎಂದುಕೊಂಡು ಮನಿಷಾ ಉಳಿದ ಹಿಟ್ಟನ್ನು ನೆಮ್ಮದಿಯಿಂದ ಲಟ್ಟಿಸಿ ಮುಗಿಸಿದಳು. ಚಹಾದ ಹೊತ್ತು ಮೀರಿದ ಮೇಲೆ ರಾಯಪ್ಪ ಎದ್ದು ಬಂದು, ಎಲ್ಲಿ ಇವಳು ಎಂದು ಕೇಳಿ, ಬಾಗಿಲು ತಳ್ಳಿದ. ಅವಳು ಗೋಡೆಗೆ ಒರಗಿಕೊಂಡಿದ್ದಳು. ಎದೆ ನಿಂತು ತಾಸು ಮೇಲಾಗಿದೆ ಎಂದರು ಡಾಕ್ಟರು. ಸುರುವಿಗೇ ಯಾರಾದರೂ ನೋಡಿದ್ದರೆ, ಎಂದು ಅರ್ಧಕ್ಕೇ ನಿಲ್ಲಿಸಿದರು.

ಬಾಗಿಲಿಗೆ ಅಗಳಿ ಇರಲಿಲ್ಲ. ಒಂದು ಸಲ ಹೆಸರು ಹಿಡಿದು ಕರೆದಿದ್ದರೂ ಮನಿಷಾ ಓಡಿ ಹೋಗುತ್ತಿದ್ದಳು. ಸಿದ್ದಕ್ಕ ಕರೆಯಲಿಲ್ಲ. ತನಗೆ ಗೊತ್ತಿದ್ದಂತೆ ಬಡಿದಳು.

*

ಇದನ್ನು ಮನಿಷಾ ಹೊಲದಲ್ಲಿ ಅಷ್ಟು ಜನರ ಮುಂದೆ ನಾಲ್ಕೇ ಮಾತಿನಲ್ಲಿ ಹೇಳಿದಳು. ಅಳದೆ, ಯಾರೊಂದಿಗೋ ಜಗಳವಾಡುವವಳಂತೆ ಹೇಳಿದಳು.

“ಚೀರಿದ್ರ ಉಳೀತಿದ್ರು. ಚೀರೂದಿಲ್ಲ ಅಂತ ಕಲ್ತಿದ್ರು. ಅವರು ಹೇಳಿದ್ದನ್ನ ಒಂದೂ ನಾ ಖರೇ ಅಂತ ಹಿಡೀಲಿಲ್ಲ. ಇದೊಂದ ಹಿಡೀತೀನಿ.”

ಎದ್ದು ನಿಂತಿದ್ದವರು ಮತ್ತೆ ಕುಳಿತರು. ಭರಮವ್ವ ಸಿದ್ದಕ್ಕನ ಕಾಲು ಒತ್ತುವುದನ್ನು ನಿಲ್ಲಿಸಿದ್ದಳು. ಕಲ್ಮೇಶನಿಗೂ ಇದು ಈಗಲೇ ತಿಳಿದದ್ದು. ಅವನು ಹೆಂಡತಿಯನ್ನು ನೋಡಿದ, ಆಮೇಲೆ ನೆಲ ನೋಡಿದ.

ಆಗ ರಾಯಪ್ಪ ಟೆಂಪೊದಿಂದ ಇಳಿದು ಬಂದ. ಕಾಲು ಜೋಮು ಹಿಡಿದಿತ್ತು, ಕುಂಟುತ್ತ ಬಂದ. ಅಣ್ಣನ ಮುಂದೆ ನಿಂತು ರುಮಾಲು ತೆಗೆದು ಕೈಯಲ್ಲಿ ಹಿಡಿದ.

“ಅಣ್ಣಾ, ಏಳೆಂಟ ವರ್ಷ ಆಕಿ ಮಾಳಗಿ ನೋಡ್ಕೊಂತ ಮಲಗ್ಯಾಳ. ನಾ ಬಾಜೂಕ ಗೊರಕಿ ಹೊಡದೀನಿ. ಒಂದ ರಾತ್ರೀನೂ ಯಾಕ ನಿದ್ದಿ ಬಂದಿಲ್ಲೇನ ಅಂತ ಕೇಳಿಲ್ಲ,” ಎಂದ. “ಸುಡೂಣು.”

ಬಂಡೆಪ್ಪ ಹಾರೆಯನ್ನು ನೆಲಕ್ಕೆ ಎಸೆದ. ನಿಮ್ಮ ಮನೆಯ ಹೆಣ, ನಿಮಗೆ ತಿಳಿದಂತೆ ಮಾಡಿ, ನಾನು ಮುಟ್ಟುವುದಿಲ್ಲ ಎಂದು ಹೇಳಿ ದೂರ ಬದುವಿನ ಮೇಲೆ ಹೋಗಿ ಬೆನ್ನು ತಿರುಗಿಸಿ ಕುಳಿತ.

ಅದೇ ಟೆಂಪೊ ಖಾನಾಪುರಕ್ಕೆ ಹೋಗಿ ಕಟ್ಟಿಗೆ ತಂದಿತು. ಜೊತೆಗೆ ಚಿತೆ ಒಟ್ಟುವ ಸತ್ಯಪ್ಪನೂ ಬಂದ. ಹೊಲದಲ್ಲಿ ಯಾರಿಗೂ ಅದು ತಿಳಿಯದ ಕೆಲಸ. ಅವನು ಬೇಗ ಬೇಗ ಕೆಳಗಿನ ಸಾಲು ಜೋಡಿಸಿದ. ಬಸಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ಸಿದ್ದಕ್ಕನನ್ನು ಎತ್ತಿ ಮಲಗಿಸಿದರು. ಸತ್ಯಪ್ಪ ದಪ್ಪನೆಯ ದಿಮ್ಮಿಯೊಂದನ್ನು ಎತ್ತಿ ಅವಳ ಎದೆಯ ಮೇಲಿಡಲು ಬಾಗಿದ.

“ಮ್ಯಾಲ ಇಡಬ್ಯಾಡ್ರಿ,” ಎಂದಳು ಮನಿಷಾ.

ಅವನಿಗೆ ಬೇಸರವಾಯಿತು. ಮೇಲೆ ಭಾರ ಇಡದಿದ್ದರೆ ಹೆಣ ಸರಿಯಾಗಿ ಸುಡುವುದಿಲ್ಲ, ಅರ್ಧಂಬರ್ಧ ಉಳಿದರೆ ನಾಳೆ ತನ್ನನ್ನೇ ಬೈಯುತ್ತೀರಿ ಎಂದ. ಬೇಡ ಎಂದಳು. ಹಾಗಾದರೆ ಹೇಗೆ ಎಂದು ಅವನು ಕೇಳಿದ. ಅದು ಅವಳಿಗೂ ಗೊತ್ತಿರಲಿಲ್ಲ. ಕಲ್ಮೇಶ ಒಮ್ಮೆಲೇ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದು ಕುಳಿತ. ಮಣ್ಣೂ ಬೇಡ, ಕಟ್ಟಿಗೆಯೂ ಬೇಡವೆಂದರೆ ತನ್ನ ತಾಯಿಯನ್ನು ಎಲ್ಲಿ ಇಡಲಿ ಎಂದು ಸಣ್ಣ ಹುಡುಗನ ಹಾಗೆ ಅಳತೊಡಗಿದ. ಸತ್ಯಪ್ಪ ದಿಮ್ಮಿ ಹಿಡಿದುಕೊಂಡೇ ನಿಂತಿದ್ದ. ರಾಯಪ್ಪ ಒಮ್ಮೆ ಸೊಸೆಯ ಮುಖ, ಒಮ್ಮೆ ದಿಮ್ಮಿ ನೋಡುತ್ತಿದ್ದ. ಬಿಸಿಲು ಹೆಣದ ಮುಖದ ಮೇಲೆ ಬೀಳುತ್ತಿತ್ತು.

ಬದುವಿನ ಮೇಲಿದ್ದ ಬಂಡೆಪ್ಪ ಎದ್ದು ಬಂದ. ಯಾರ ಮುಖವನ್ನೂ ನೋಡದೆ ಸತ್ಯಪ್ಪನ ಕೈಯಿಂದ ದಿಮ್ಮಿಯನ್ನು ಇಸಿದುಕೊಂಡು ಹೆಣದ ಎಡಕ್ಕೆ, ಮೈಗೆ ತಾಗದಂತೆ ಇಟ್ಟ. ಅಷ್ಟೇ ದಪ್ಪದ ಇನ್ನೊಂದನ್ನು ಬಲಕ್ಕೆ ಇಟ್ಟ. ಅವುಗಳ ಮೇಲೆ ಇನ್ನೆರಡು ಏರಿಸಿದ. ಆಮೇಲೆ ರಾಶಿಯಿಂದ ಸಣ್ಣ ಸಣ್ಣ ಸೀಳುಗಳನ್ನು ಆರಿಸಿ, ಎರಡೂ ಕಡೆಯಿಂದ ಒಂದಕ್ಕೊಂದು ಆನಿಸಿ, ಕಾಲಿನಿಂದ ಮೇಲಕ್ಕೆ ಕಟ್ಟುತ್ತ ಬಂದ. ಚಿಕ್ಕಂದಿನಲ್ಲಿ ಅಜ್ಜನೊಂದಿಗೆ ಅಡವಿಯಲ್ಲಿ ಕುರಿಮರಿಗಳಿಗೆ ಗೂಡು ಕಟ್ಟುವಾಗ ಅವನ ಕೈ ಓಡುತ್ತಿದ್ದದ್ದು ಹೀಗೆಯೇ. ಮುಖದ ಹತ್ತಿರ ಬಂದಾಗ ಮೊಣಕಾಲೂರಿ ಕುಳಿತ. ಕಡೆಯ ಸೀಳನ್ನು ಇಟ್ಟು, ಅದರ ಕೆಳಗೆ ಅಂಗೈ ತೂರಿಸಿ, ಅವಳ ಮೂಗಿಗೂ ಕಟ್ಟಿಗೆಗೂ ನಡುವೆ ಆ ಕಡೆಯಿಂದ ಈ ಕಡೆಗೆ ಮೆಲ್ಲಗೆ ಆಡಿಸಿ ನೋಡಿದ.