ಕರಿನೀರಿನಿಂದ ಬಂದ ಅಂಟು

ನಾನು ಬಿದಿರಿನೊಳಗಿನ ಅಂಟು. ಓದಿದವರು ಲಿಗ್ನಿನ್ ಎನ್ನುತ್ತಾರೆ. ಹೊಳೆದಂಡೆಯ ಮೆಳೆಯೊಂದರಲ್ಲಿ ಹುಟ್ಟಿದೆ. ನಾರಿಗೆ ನಾರು ಅಂಟಿಸಿ ಬಿದಿರನ್ನು ನೆಟ್ಟಗೆ ನಿಲ್ಲಿಸುವುದು ನನ್ನ ಕೆಲಸ. ಹೊಗಳಿಕೆ ಮಾತ್ರ ಬಿದಿರಿಗೆ.

ಒಂದು ದಿನ ಕಾಗದದ ಕಾರ್ಖಾನೆಯವರು ಮೆಳೆ ಕಡಿದರು. ಚೂರು ಮಾಡಿ ಕ್ಷಾರದ ನೀರಲ್ಲಿ ಬೇಯಿಸಿದರು. ಎಷ್ಟು ಹಿಡಿದುಕೊಂಡರೂ ಕೊನೆಗೆ ಕೈಬಿಟ್ಟೆ. ನಾರು ಬೆಳ್ಳಗಿನ ಕಾಗದವಾಗಲು ಹೋಯಿತು. ನಾನು ಕರಿನೀರಾದೆ. ಕರಿನೀರಿಗೆ ಅಲ್ಲಿ ಒಂದೇ ದಾರಿ, ಬಾಯ್ಲರಿನ ಒಲೆ.

ಒಲೆಗೆ ಹೋಗುವ ಮೊದಲೇ ಒಂದು ಕ್ಯಾನಿನಷ್ಟು ನನ್ನನ್ನು ಶುಭದಾ ಕೇಳಿ ಪಡೆದಳು. ಆಕೆ ಪಕ್ಕದ ಪ್ಲೈವುಡ್ ಕಾರ್ಖಾನೆಯ ಪ್ರಯೋಗಾಲಯದವಳು. ಅಲ್ಲಿ ಹಲಗೆಗೆ ಅಂಟು ಬಳಿಯುವ ನೀಲವ್ವನ ಕಣ್ಣು ಅಂಟಿನ ಘಾಟಿಗೆ ಸದಾ ಸುರಿಯುತ್ತಿತ್ತು. ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈಯಾಗಿದ್ದವಳು ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಗಿತ್ತು. ಈ ಕೆಲಸ ಬಿಡದಿದ್ದರೆ ಕಣ್ಣು ಉಳಿಯದು ಎಂದು ಡಾಕ್ಟರು ಹೇಳಿದ್ದರು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಹಳೆಯ ಅಂಟನ್ನು ಅರ್ಧ ಮಾಡಿ ಉಳಿದರ್ಧ ನನ್ನನ್ನು ಬೆರೆಸಿದರೆ ಘಾಟು ತಗ್ಗೀತು ಎಂಬುದು ಶುಭದಾಳ ಆಸೆ.

ಅವಸರವೇ ಅಪಘಾತಕ್ಕೆ ಕಾರಣ ಎಂಬ ರಸ್ತೆ ಬದಿಯ ಬರಹವನ್ನು ಆಕೆ ಓದಿರಲಿಲ್ಲವೋ ಏನೋ. ನನ್ನನ್ನು ನೀರಿನಿಂದ ಬೇರೆ ಮಾಡಲು ತಣ್ಣಗಿನ ಕರಿನೀರಿಗೆ ಆಮ್ಲವನ್ನು ಒಮ್ಮೆಗೇ ಸುರಿದಳು. ನಾನು ಲೋಳೆಯಾಗಿ ಸೋಸುವ ಬಟ್ಟೆಗೆ ಮೆತ್ತಿಕೊಂಡೆ. ಮೂರು ಸಲವೂ ಹೀಗೇ ಆಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲವ್ವ ತಡೆಯಲಾರದೆ ಹೇಳಿದಳು:

“ಹಾಲು ಒಡಸೂದು ಹಿಂಗಲ್ರೀ ಅಕ್ಕಾರ. ಬೆಚ್ಚಗ ಇಟ್ಟು ಹನಿಹನಿ ಹುಳಿ ಬಿಡಬೇಕು. ಆಮ್ಯಾಲೆ ಸುಮ್ನ ಬಿಡಬೇಕು, ಕೈ ಹಾಕಬಾರದು.”

ಶುಭದಾ ಹಾಗೇ ಮಾಡಿದಳು. ಕೊಳೆತ ಮೊಟ್ಟೆಯ ವಾಸನೆ ಬಿಡುತ್ತ ನಾನು ಕಾಳುಕಾಳಾಗಿ ತಳಕ್ಕೆ ಕೂತೆ. ತೊಳೆದು ಒಣಗಿಸಿದ ಮೇಲೆ ಕಾಫಿಪುಡಿಯಂತಿದ್ದೆ.

ಮಾಲೀಕರದು ಒಂದೇ ಷರತ್ತು. ನನ್ನನ್ನು ಬೆರೆಸಿದ ಅಂಟಿನ ಹಲಗೆ ಮೂರು ದಿನ ಕುದಿಯುವ ನೀರಲ್ಲಿದ್ದೂ ಬಿಚ್ಚಿಕೊಳ್ಳಬಾರದು. ಬಿಚ್ಚಿದರೆ ಹಳೆಯ ಅಂಟೇ ಗತಿ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಒಮ್ಮೆ ಬೆಂದು ಕೈಬಿಟ್ಟ ಅಂಟಲ್ಲವೇ ನಾನು?

ಮೂರನೆಯ ದಿನ ನೀಲವ್ವನೇ ಪದರಗಳ ನಡುವೆ ಉಳಿ ಇಟ್ಟು ಮೀಟಿದಳು. ಸುಳ್ಳು ಗೆಲುವು ಅವಳಿಗೆ ಬೇಕಿರಲಿಲ್ಲ. ಮೈಯ ಶಕ್ತಿಯನ್ನೆಲ್ಲ ಹಾಕಿದಳು. ಮರ ಸೀಳಿತು. ನಾನು ಬಿಡಲಿಲ್ಲ.

“ಬಿಡವಲ್ದು ನೋಡ್ರೀ ಅಕ್ಕಾರ,” ಎಂದಳು. ಶುಭದಾ ಆ ಹಲಗೆಯನ್ನೇ ಎತ್ತಿಕೊಂಡು ಮಾಲೀಕರ ಕೋಣೆಗೆ ಓಡಿದಳು.

ಅದಾಗಿ ಆರು ವರ್ಷ. ಕಾರ್ಖಾನೆಯಲ್ಲಿ ಈಗ ಬಳಿಯುವುದು ನನ್ನನ್ನು ಬೆರೆಸಿದ ಅಂಟನ್ನೇ, ಘಾಟು ತಗ್ಗಿದೆ. ಅದೇ ಅಂಟಿನ ಇನ್ನೊಂದು ಹಲಗೆಯಲ್ಲಿ ಮಾಡಿದ ಬೆಂಚಾಗಿ ಕಾರ್ಖಾನೆಯ ಊಟದ ಕೋಣೆಯ ಮೂಲೆಯಲ್ಲಿದ್ದೇನೆ. ಅಂಚು ಸವೆದಿದೆ. ಒಂದು ಕಾಲು ಅಲ್ಲಾಡುತ್ತದೆ. ಅದು ಬಡಗಿಯ ತಪ್ಪು, ನನ್ನದಲ್ಲ. ಕಾಗದವಾದ ನಾರು ಯಾರ ಪತ್ರವಾಯಿತೋ ತಿಳಿಯದು. ನನಗೆ ಹೊಟ್ಟೆಕಿಚ್ಚಿಲ್ಲ. ಅಂಟಿಸುವುದು ಬಿಟ್ಟರೆ ನನಗೂ ಬೇರೆ ಕೆಲಸ ಗೊತ್ತಿರಲಿಲ್ಲ.

ಮಧ್ಯಾಹ್ನ ಬುತ್ತಿ ಮುಗಿಸಿ ನೀಲವ್ವ ನನ್ನ ಮೇಲೆ ಕೌದಿ ಹರವಿಕೊಳ್ಳುತ್ತಾಳೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾನೇ ಪೋಣಿಸುತ್ತಾಳೆ.