ಹಲ್ಲಿನ ದವಾಖಾನೆಯ ಪಾಚಿ

ಗಾಜಿನ ಮೀನುತೊಟ್ಟಿಯ ಉಪ್ಪುನೀರಿನಲ್ಲಿ ಮೊಣಕೈವರೆಗೆ ತೋಳು ಇಳಿಬಿಟ್ಟು, ಕಲ್ಲಿಗೆ ಅಂಟಿದ್ದ ಪಾಚಿಯ ಎಳೆಯೊಂದನ್ನು ಬೆರಳಿಗೆ ಸುತ್ತಿ ಎಳೆದಳು ಡಾಕ್ಟರ್ ಮಹೇಶ್ವರಿ. ಎಳೆದಷ್ಟೂ ಅದು ಬರುತ್ತಲೇ ಇತ್ತು, ಬಚ್ಚಲ ಜಾಲರಿಯಲ್ಲಿ ಸಿಕ್ಕ ಯಾರದೋ ಕೂದಲಿನ ಹಾಗೆ. ಹೊರಗೆ ತೆಗೆದರೆ ಅಂಗೈಯಲ್ಲಿ ಲೋಳೆಯಾಗಿ ಕುಸಿದು ಬಿತ್ತು. ಅವಳು ಅದನ್ನು ಬಕೆಟ್ಟಿಗೆ ಝಾಡಿಸಿ ಒಗೆದು, ಕೈಯನ್ನು ಮೈಯಿಂದ ದೂರ ಹಿಡಿದು ನಿಂತಳು.

ಹಾಗೆಂದು ಅವಳು ನಾಜೂಕಿನ ಹೆಂಗಸೇನಲ್ಲ. ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಹಲ್ಲಿನ ದವಾಖಾನೆ ತೆರೆದಾಗಿನಿಂದ ಎಂಥೆಂಥ ಬಾಯಿಗಳೊಳಗೆ ಕೈ ಹಾಕಿದವಳು. ಗುಟ್ಕಾಕ್ಕೆ ಕರಕಲಾದ ಒಸಡು, ಕೀವು ತುಂಬಿದ ದವಡೆ, ವರ್ಷಗಟ್ಟಲೆ ಬ್ರಷ್ ಕಾಣದ ಹಲ್ಲು, ಯಾವುದಕ್ಕೂ ಮುಖ ಕಿವಿಚಿದವಳಲ್ಲ. ಬಾಯಿಯ ಹೊಲಸು ಅವಳ ಕೆಲಸದ್ದು, ಅದಕ್ಕೊಂದು ಹೆಸರಿತ್ತು, ಔಷಧಿಯಿತ್ತು. ಈ ಪಾಚಿ ಮಾತ್ರ ಅವಳ ಮೈಯೆಲ್ಲ ಜುಮ್ಮೆನ್ನಿಸುತ್ತಿತ್ತು.

ಗಾಜಿನ ತೊಟ್ಟಿ ತಂದದ್ದು ಅವಳೇ. ಹೈದರಾಬಾದಿನಲ್ಲಿ ಮಕ್ಕಳ ಹಲ್ಲಿನ ಆಸ್ಪತ್ರೆಯೊಂದಕ್ಕೆ ಹೋದಾಗ, ಅಳುತ್ತ ಬಂದ ಮಗುವೊಂದು ಸಮುದ್ರದ ಮೀನು ನೋಡುತ್ತ ಬಾಯಿ ತೆರೆದುಕೊಂಡು ಕೂತದ್ದನ್ನು ಕಂಡಿದ್ದಳು. ಅಂಥದೇ ಒಂದನ್ನು ತನ್ನ ರೋಗಿಗಳು ಕೂರುವ ಕೋಣೆಯಲ್ಲಿ ಇಡಿಸಿದಳು. ತೂತುತೂತಾದ ಸಮುದ್ರದ ಕಲ್ಲು, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಎರಡು ಮೀನು, ಬೆಳಕು ಹಾಕಿದರೆ ಗುಂಡಿಯಷ್ಟಗಲದ ಹೂಗಳಂತೆ ಅರಳುವ ಹಸಿರು, ನೇರಳೆ ಹವಳಗಳು. ಮೊದಮೊದಲು ತುರ್ವಿಹಾಳ, ಸಂತೆಕಲ್ಲೂರಿನಿಂದ ಬಂದ ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ದೊಡ್ಡವರೂ ನಿಲ್ಲುತ್ತಿದ್ದರು.

ತೊಟ್ಟಿಯ ನೀರಿಗೆ ಸಮುದ್ರದ ಉಪ್ಪಿನ ಪೊಟ್ಟಣ ಅಂಗಡಿಯಿಂದ ಬರುತ್ತಿತ್ತು. ಅದನ್ನು ಕಲಸಲು ಬೇಕಾದ ಶುದ್ಧ ನೀರಿಗೆ ಅವಳು ಎಲ್ಲಿಗೂ ಹೋಗಬೇಕಿರಲಿಲ್ಲ. ತುರ್ವಿಹಾಳ ರಸ್ತೆಯಲ್ಲಿ ತಮ್ಮ ಬೀರಲಿಂಗನದೇ ಕುಡಿಯುವ ನೀರಿನ ಪ್ಲಾಂಟು. ಅವನ ನೀಲಿ ಕ್ಯಾನುಗಳು ದಿನಾ ದವಾಖಾನೆಗೆ ಬಂದು ಬೀಳುತ್ತಿದ್ದವು. ತೊಟ್ಟಿಗೂ ಅದೇ ನೀರು, ಕುಡಿಯಲಿಕ್ಕೂ ಅದೇ, ರೋಗಿಗಳು ಬಾಯಿ ಮುಕ್ಕಳಿಸಲಿಕ್ಕೂ ಅದೇ.

ಮಳೆಗಾಲದಲ್ಲಿ ಕಲ್ಲಿನ ಮೇಲೆ ಹಸಿರು ನವಿರು ಕಾಣಿಸಿತು. ನೋಡನೋಡುತ್ತ ಉದ್ದವಾಯಿತು, ಹವಳಗಳ ಮುಖದ ಮೇಲೆ ಕವಿಯಿತು. ಅದರ ಹಿಂದೆಯೇ ಮರಳಿನ ಮೇಲೆ ಕೆಂಪು ಲೋಳೆ ಹಾಸಿಕೊಂಡಿತು. ಹಸಿ ಮಾಂಸದ ಬಣ್ಣ, ಮೈತುಂಬ ಗುಳ್ಳೆ. ಭತ್ತದ ಗದ್ದೆಯಲ್ಲಿ ಹುಲ್ಲು ಕೊಳೆತ ವಾಸನೆ ಇಡೀ ಕೋಣೆಗೆ ಹಿಡಿಯಿತು. ಹಲ್ಲು ಕೀಳಿಸಲು ಬಂದ ಮುದುಕಿಯೊಬ್ಬಳು ಸೆರಗು ಮೂಗಿಗೆ ಹಿಡಿದು, "ಏನಬೇ ಇದು, ಸಿಂಬಳ ತುಂಬಿಟ್ಟಂಗ ಐತಿ!" ಎಂದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ಮಹೇಶ್ವರಿ ಬಿಡಲಿಲ್ಲ. ಮೀನಿನ ಆಹಾರ ಕಡಿಮೆ ಮಾಡಿದಳು, ದೀಪ ಬೇಗ ಆರಿಸಿದಳು. ಪಾಚಿ ಮೇಯುವ ಬಸವನಹುಳು ತರಿಸಿದಳು. ಕಲ್ಲುಗಳನ್ನು ಹೊರತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಸಂದಿಯಲ್ಲಿ ಉಳಿದದ್ದನ್ನು ಹಲ್ಲಿಗಂಟಿದ ಕಾರೆ ಕೆರೆಯುವ ಹತಾರದಿಂದ ಕೆರೆದಳು. ವಾರವಾರವೂ ಕೊಳವೆಯಿಂದ ಲೋಳೆ ಹೀರಿ ತೆಗೆದು ಹೊಸ ನೀರು ತುಂಬಿದಳು. ನೀರು ಬದಲಿಸಿದ ಮರುದಿನ ಪಾಚಿ ಮತ್ತಷ್ಟು ಸೊಕ್ಕಿ ನಿಂತಿರುತ್ತಿತ್ತು. ಬಸವನಹುಳುಗಳು ಸತ್ತವು. ಅದರಲ್ಲೊಂದನ್ನು ಎತ್ತಿ ಮೂಸಿ ನೋಡಿದ್ದೇ ತಪ್ಪಾಯಿತು, ಆ ದಿನ ಅವಳು ಊಟ ಮಾಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ, ಉಪ್ಪು ಕಲಸುವ ಮೊದಲು, ಕ್ಯಾನಿನ ನೀರನ್ನೇ ಪರೀಕ್ಷಿಸೋಣವೆನಿಸಿತು. ಇಷ್ಟು ದಿನ ತೊಟ್ಟಿಯ ನೀರನ್ನು ಪರೀಕ್ಷಿಸಿದ್ದಳೇ ಹೊರತು ಕ್ಯಾನಿನದನ್ನಲ್ಲ. ತಮ್ಮನ ನೀರು, ಅದರಲ್ಲೇನು ನೋಡುವುದು? ಸಣ್ಣ ಸೀಸೆಗೆ ನೀರು ಹಾಕಿ, ತೊಟ್ಟಿಯ ನೀರು ಪರೀಕ್ಷಿಸುವ ಔಷಧಿಯ ಹನಿ ಬಿಟ್ಟಳು. ಶುದ್ಧವಿದ್ದರೆ ಅದು ತಿಳಿಯಾಗಿಯೇ ಉಳಿಯಬೇಕು. ಕಣ್ಣೆದುರೇ ಕಡುನೀಲಿಗೆ ತಿರುಗಿತು. ಫಾಸ್ಫೇಟು. ಪಾಚಿಗೆ ಅದು ಅನ್ನ. ಸುತ್ತಲ ಭತ್ತದ ಗದ್ದೆಗಳಿಗೆ ಚೀಲಗಟ್ಟಲೆ ಸುರಿಯುವ ಗೊಬ್ಬರದಲ್ಲಿ ಇರುವಂಥದ್ದೇ. ಅವಳು ಇನ್ನೊಂದು ಕ್ಯಾನು ತೆರೆದು ನೋಡಿದಳು. ಅದೂ ನೀಲಿ.

ಮರುದಿನ ಬೆಳಿಗ್ಗೆ ಪ್ಲಾಂಟಿಗೆ ಹೋದಳು. ಬೀರಲಿಂಗ ಅಕ್ಕನಿಗೆ ಕುರ್ಚಿ ಹಾಕಿಸಿ ಚಹಾಕ್ಕೆ ಕೂಗಿದ. ಅವಳು ಕೂರದೆ ಶೆಡ್ಡಿನ ಹಿಂದಕ್ಕೆ ನಡೆದಳು. ಕಾಲುವೆಯಿಂದ ತುಂಬಿಸಿಕೊಂಡ ಹೊಂಡದ ನೀರು ಮರಳಿನ ಡ್ರಮ್ಮಿಗೆ ಬಂದು, ಅಲ್ಲಿಂದ ನೆಟ್ಟಗೆ ಮೇಲಿನ ಟ್ಯಾಂಕಿಗೆ ಏರುತ್ತಿತ್ತು. ನೀರನ್ನು ನಿಜವಾಗಿ ಶುದ್ಧ ಮಾಡುವ ಮೆಂಬ್ರೇನಿನ ಜಾಗದಲ್ಲಿ ಬರೀ ಪೈಪು ಜೋಡಿಸಿತ್ತು. ಅವಳು ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ಸರಿಸಿದಳು. ಒಳಗೋಡೆಗೆ ಹಸಿರು ಲೋಳೆ, ನೀರಿನಲ್ಲಿ ಸೊಳ್ಳೆಮರಿಗಳು ಕೊಂಕಿ ಕೊಂಕಿ ಏಳುತ್ತಿದ್ದವು. ಗೋಡೆಗೆ ಬೆರಳು ಹಚ್ಚಿದಳು. ತಿಂಗಳುಗಟ್ಟಲೆ ಅವಳ ಕೈಗೆ ಗೊತ್ತಿದ್ದ ಅದೇ ಜಾರಿಕೆ.

"ಮೆಂಬ್ರೇನ್ ಎಲ್ಲಿ ಹೋತೋ?"

"ಕಟಗೊಂಡಿತ್ತಕ್ಕ, ತಗದೀನಿ. ಹೊಸಾದು ಹಾಕಬೇಕು."

"ಯಾವಾಗ ತಗದಿ?"

"ಬ್ಯಾಸಿಗ್ಯಾಗ."

"ಅಲ್ಲಿಂದ ಇಲ್ಲೀತನ ಊರಿಗೆಲ್ಲ ಹೊಂಡದ ನೀರ ಕುಡಸಾಕತ್ತೀಯೇನು?"

ಬೀರಲಿಂಗ ನಕ್ಕ. "ಉಸುಕಿನಾಗ ಸೋಸೀನಲ್ಲ! ನಿನ್ನ ಮೀನಕ್ಕ ಒಗ್ಗಲಿಲ್ಲಂದ್ರ ಮಂದಿಗಿ ಏನಾಗೈತಿ? ಯಾರರ ಸತ್ತಾರೇನು? ನಮ್ಮ ಮುತ್ಯಾ ಕಾಲುವಿ ನೀರ ಕುಡದಾ ಬದುಕಿದ್ದ. ಖಾಲಿಪೀಲಿ ಫಿಕರ್ ಮಾಡಬ್ಯಾಡ, ಚಹಾ ಕುಡಿ."

ಚಹಾ ಬಂತು. ಅದನ್ನು ಯಾವ ನೀರಿನಲ್ಲಿ ಕುದಿಸಿದ್ದಾರೆಂದು ಅವಳು ಕೇಳಲಿಲ್ಲ, ಮುಟ್ಟಲೂ ಇಲ್ಲ. ಆದರೂ ದಾರಿಯಲ್ಲಿ ಮನಸ್ಸು ಹೊಯ್ದಾಡಿತು. ಸೋಮಾರಿತನ, ಅಷ್ಟೇ. ಬೈದು ಸರಿ ಮಾಡಿಸಿದರಾಯಿತು. ಅವನಿಗೆ ಗೊತ್ತಾಗಲಿಲ್ಲ, ಪಾಪ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ, ಅವ್ವನನ್ನು ಮಾತಾಡಿಸಿ ಹೋಗೋಣವೆಂದು ತಮ್ಮನ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದಳು. ಅವ್ವ ಗಿರಿಯಮ್ಮ ಇರುವುದು ಮಗನ ಹತ್ತಿರವೇ.

"ಬಿಸಿಲಾಗ ಬಂದಿದಿ, ಮೊದಲ ನೀರ ಕುಡಿ" ಎಂದು ಗಿರಿಯಮ್ಮ ತಂಬಿಗೆ ಮುಂದಿಟ್ಟಳು.

ಮಹೇಶ್ವರಿ ತಂಬಿಗೆಯೊಳಗೆ ಇಣುಕಿದಳು. "ಯವ್ವಾ, ಬೀರಲಿಂಗನ ನೀರೇನು ಇದು?"

"ಅಲ್ಲಬೇ. ಬ್ಯಾಸಿಗ್ಯಾಗಿಂದ ನಮ್ಮನೀಗಿ ಜಬೀವುಲ್ಲಾನ ಗಾಡಿ ನೀರ ಬರತಾವ. ನಮ್ಮ ಪ್ಲಾಂಟಿನ ನೀರ ಕೆಟ್ಟಾವ, ಹುಡುಗರಿಗಿ ಕೊಡಬ್ಯಾಡರಿ ಅಂತ ಬೀರಲಿಂಗನಾ ಹೇಳ್ಯಾನ. ನಿನಗೂ ಹೇಳಿರಬೇಕಲ್ಲ?"

ಮಹೇಶ್ವರಿ ಎದ್ದು ಬಚ್ಚಲಿಗೆ ಓಡಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಗೋಡೆ ಹಿಡಿದು ನಿಂತವಳ ಕಣ್ಣ ಮುಂದೆ ಬಾಯಿಗಳೇ ಬಾಯಿಗಳು. ಹಲ್ಲು ಕಿತ್ತು ಇನ್ನೂ ರಕ್ತ ಒಸರುತ್ತಿದ್ದ ಹಸಿ ಗಾಯಗಳಿಗೆ ಅವಳೇ ಲೋಟ ಕೊಟ್ಟು, ಮುಕ್ಕಳಿಸಿ ಎಂದಿದ್ದಳು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಅವಳ ಬಾಗಿಲಿಗೆ ಕ್ಯಾನು ಇಳಿಸಿ ಹೋಗಿದ್ದ.

ದವಾಖಾನೆಗೆ ಬಂದು ಸಹಾಯಕಿ ಗುಲ್ಷನ್‌ಬೀಗೆ ಎಲ್ಲ ಹೇಳಿ, ಕ್ಯಾನುಗಳನ್ನು ಮೋರಿಗೆ ಸುರಿ ಎಂದಳು. ಗುಲ್ಷನ್‌ಬೀ ಕೈಯಲ್ಲಿದ್ದ ಕ್ಯಾನು ಹಾಗೇ ಹಿಡಿದು ನಿಂತುಬಿಟ್ಟಳು.

"ನಮ್ಮನೀಗೂ ಇವಾ ಕ್ಯಾನ್ ರೀ ಮೇಡಂ. ನಮ್ಮ ಮಗಳು ರಾಜಾಬೀ ತನ್ನ ಕೂಸಿಗಿ ಇದಾ ನೀರಾಗ ಹಾಲಿನ ಪುಡಿ ಕಲಸ್ತಾಳ. ಮ್ಯಾಲಿಂದ ಮ್ಯಾಲ ಭೇದಿ ಆಗಾಕತ್ತೈತಿ ಅಂತ ತಾಯತ ಕಟ್ಟಿಸ್ಯಾಳ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಡಾಕ್ಟರ್ ಮೇಡಂ ತಮ್ಮನ ನೀರು ಅಂತಾ ತಗೊಂಡಿದ್ವಿ ರೀ."

ಮಹೇಶ್ವರಿ ಆ ಕ್ಯಾನನ್ನು ಇಸಿದುಕೊಂಡು ತಾನೇ ಮೋರಿಗೆ ಸುರಿದಳು. ಮಧ್ಯಾಹ್ನವೇ ನಗರಸಭೆಗೆ ಹೋಗಿ ದೂರು ಕೊಟ್ಟಳು. ಮಸ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ಗಂಡ ಆನಂದಕುಮಾರ ಫೋನಿನಲ್ಲಿ, "ಮನೀ ಮಾತು ಮನ್ಯಾಗ ಮುಗಸಬಹುದಿತ್ತಲ್ಲ" ಎಂದ. "ಕೂಸಿನ ಭೇದಿ ನಮ್ಮ ಮನೀ ಮಾತಲ್ಲ" ಎಂದು ಅವಳು ಫೋನಿಟ್ಟಳು.

ಪ್ಲಾಂಟಿಗೆ ಬೀಗ ಬಿತ್ತು. ಬೀರಲಿಂಗ ದವಾಖಾನೆಗೆ ನುಗ್ಗಿದ. ರೋಗಿಗಳು ಕೂತಿದ್ದರು, ಅವನು ಲೆಕ್ಕಿಸಲಿಲ್ಲ.

"ಒಡಹುಟ್ಟಿದವನ ಹೊಟ್ಟಿ ಮ್ಯಾಲ ಹೊಡದಿ. ಎದರ ಸಲುವಾಗಿ? ಎರಡು ಮೀನಿನ ಸಲುವಾಗಿ!"

"ನಿನ್ನ ಮಕ್ಕಳಿಗಿ ಕೊಡಬ್ಯಾಡಂದಿ ನೋಡು" ಎಂದಳು ಮಹೇಶ್ವರಿ, "ಅದರ ಸಲುವಾಗಿ."

ಬೀರಲಿಂಗ ಕಾದು ಕೂತವರ ಮುಖಗಳನ್ನೊಮ್ಮೆ ನೋಡಿದ. ಹೊಸ್ತಿಲ ಹೊರಗೆ ಪಿಚಕ್ಕನೆ ಉಗುಳಿ ಹೋದ. ಆ ಉಗುಳನ್ನು ಅವಳೇ ಫಿನಾಯಿಲ್ ಹಾಕಿ ತೊಳೆದಳು.

ದವಾಖಾನೆಗೆ ಬೇರೆ ಶುದ್ಧೀಕರಣ ಯಂತ್ರ ಕೂರಿಸಿದಳು. ಅದರ ನೀರಿಗೆ ಹನಿ ಬಿಟ್ಟರೆ ಸೀಸೆ ತಿಳಿಯಾಗಿಯೇ ಉಳಿಯಿತು. ಆ ನೀರಿಗೆ ಉಪ್ಪು ಕಲಸಿ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದಳು. ಪಾಚಿ ಒಮ್ಮೆಲೇ ಹೋಗಲಿಲ್ಲ. ಮೊದಲು ಹಸಿರು ಬಿಟ್ಟುಕೊಟ್ಟು ಹಳದಿಯಾಯಿತು, ಆಮೇಲೆ ಬೂದಿಬಣ್ಣ. ಕಡೆಗೆ ಚಿಂದಿಚಿಂದಿಯಾಗಿ ಕಲ್ಲು ಬಿಟ್ಟು ತೇಲತೊಡಗಿತು. ಸಾಯುವಾಗ ಅದು ಬದುಕಿದ್ದಾಗಿನಕ್ಕಿಂತ ಹೆಚ್ಚು ನಾರುತ್ತಿತ್ತು. ಅವಳೂ ಗುಲ್ಷನ್‌ಬೀಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಕೆಟ್ಟುಗಟ್ಟಲೆ ಹೀರಿ ಚೆಲ್ಲಿದರು. ಹವಳಗಳಲ್ಲಿ ಹಸಿರಿನವು ಮಾತ್ರ ಮತ್ತೆ ಅರಳಿದವು. ನೇರಳೆಯವು ಕರಗಿಹೋಗಿದ್ದವು. ರಾಜಾಬೀಯ ಕೂಸಿನ ಭೇದಿ ನಿಂತಿತು.

ಅಷ್ಟರಲ್ಲಿ ಬೀರಲಿಂಗ ದಂಡ ಕಟ್ಟಿ, ಹೊಸ ಮೆಂಬ್ರೇನ್ ಹಾಕಿಸಿ, ಪ್ಲಾಂಟು ತೆರೆದಿದ್ದ. ಊರು ಏನೂ ಆಗದ ಹಾಗೆ ಮತ್ತೆ ನೀಲಿ ಕ್ಯಾನು ಕೊಂಡಿತು. ಲಿಂಗಸುಗೂರಿನ ಮದುವೆಯೊಂದರಲ್ಲಿ ಅವೇ ಕ್ಯಾನುಗಳು ಸಾಲಾಗಿ ನಿಂತದ್ದನ್ನು, ಜನ ಲೋಟದ ಮೇಲೆ ಲೋಟ ಬಗ್ಗಿಸಿಕೊಂಡು ಗಟಗಟ ಕುಡಿಯುವುದನ್ನು ಮಹೇಶ್ವರಿ ನೋಡಿದಳು. ನೀರು ಈಗ ಚೆನ್ನಾಗಿಯೇ ಇದ್ದೀತು. ಆದರೂ ಅವಳಿಗೆ ಅಲ್ಲಿ ಒಂದು ತುತ್ತೂ ಇಳಿಯಲಿಲ್ಲ.

ಯುಗಾದಿಯ ಹೊತ್ತಿಗೆ ಗಿರಿಯಮ್ಮ ಕಟ್ಟುಹಲ್ಲಿನ ಅಳತೆಗೆಂದು ಒಬ್ಬಳೇ ಬಂದಳು. ಮಗನ ಹೆಸರು ತೆಗೆಯಲಿಲ್ಲ. ತೊಟ್ಟಿಯ ಮುಂದೆ ಬಹಳ ಹೊತ್ತು ಕೂತು, "ಚಂದ ಅದಾವ ಬಿಡು" ಎಂದಳು. ಅಳತೆ ಮುಗಿದು ಹೊರಡುವಾಗ ಮಗಳ ರಟ್ಟೆ ಹಿಡಿದು ಕೇಳಿದಳು:

"ಮನೀಗಿ ಯಾವಾಗ ಬರತಿ?"

"ಬರತೀನಿ ಯವ್ವಾ."

"ಅವ ತಗ್ಗಿ ಬಗ್ಗ್ಯಾನ ಈಗ. ಬಂದು ಒಂದು ತುತ್ತು ಉಂಡು ಹೋಗು."

ಮಹೇಶ್ವರಿ ಹೂಂಗುಟ್ಟಿದಳು. ಅವ್ವ ಆಟೋ ಹತ್ತಿದ ಮೇಲೆ ಒಳಗೆ ಬಂದು ನಲ್ಲಿ ತಿರುಗಿಸಿ ಕೈಗೆ ಸಾಬೂನು ಹಚ್ಚಿದಳು. ತಮ್ಮನ ಪಡಸಾಲೆಯಲ್ಲಿ ಎಲೆಯ ಮುಂದೆ ಕೂತಂತೆ, ಪಕ್ಕದಲ್ಲಿ ಬೀರಲಿಂಗ ಲೋಟಕ್ಕೆ ನೀರು ಬಗ್ಗಿಸಿದಂತೆ ಊಹಿಸಿಕೊಂಡಳು. ಕೈ ತೊಳೆದು, ಮತ್ತೊಮ್ಮೆ ಸಾಬೂನು ಹಚ್ಚಿದಳು.