ಎದೆಯ ಮೇಲಿನ ಅಕ್ಷರ

ಊರಿನ ಅರ್ಧ ಜನರ ಎದೆಯ ಮೇಲೆ ಅಕ್ಷರ ಕೂರಿಸಿದವಳು ಕಸೂತಿಯಕ್ಕ. ಡಾಕ್ಟರು, ನರ್ಸು, ಬಸ್ಸಿನ ಕಂಡಕ್ಟರು, ಯಾರ ಜೇಬಿನ ಮೇಲೆ ಹೆಸರು ಬೇಕಾದರೂ ಅವಳಿದ್ದ ಸಮವಸ್ತ್ರದ ಅಂಗಡಿಗೇ ಬರಬೇಕು. ಅವಳ ಎದೆ ಸೀಳಿದರೆ ಮಾತ್ರ ಮೂರಕ್ಷರ ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಯಜಮಾನಿ "ಓದೋಕೆ ಬರುತ್ತಾ? ಬರದಿದ್ರೆ ಈ ಕೆಲಸ ಆಗಲ್ಲ" ಅಂದಾಗ, "ಬರುತ್ತೆ" ಅಂದುಬಿಟ್ಟಿದ್ದಳು. ಅಂದಿನಿಂದ ಚೀಟಿಯಲ್ಲಿದ್ದ ಗೆರೆ, ಕೊಂಬು, ಸುರುಳಿಗಳನ್ನು ಬಳ್ಳಿಯ ಚಿತ್ರ ಇಳಿಸಿದಂತೆ ಬಟ್ಟೆಗೆ ಇಳಿಸುತ್ತ ಬಂದಳು. ಒಂದು ತಪ್ಪೂ ಆಗಿರಲಿಲ್ಲ. ಯಾರಾದರೂ ಪೇಪರು ಚಾಚಿದರೆ ಮಾತ್ರ ಕನ್ನಡಕ ಹುಡುಕುವ ನಾಟಕ.

ಗುಟ್ಟು ರಟ್ಟಾದದ್ದು ಪದಕೋಶ ಬರೆಯುವ ಮೇಷ್ಟ್ರಿಂದ. ಕೈಚೀಲದ ಮೇಲೆ ಒಂದು ಸಾಲು ಬೇಕೆಂದು ಚೀಟಿ ಕೊಟ್ಟು ಹೋಗಿದ್ದರು. ಬರೆದದ್ದನ್ನು ಹೊಡೆದುಹಾಕದಿದ್ದರೆ ಈ ಪುಣ್ಯಾತ್ಮರಿಗೆ ಉಂಡ ಅನ್ನ ಅರಗದು. 'ಅಕ್ಷರ ಎಂದರೆ ನಾಶವಾಗದ್ದು' ಎಂದು ಬರೆದು, ಕೊನೆಯ ಪದಕ್ಕೆ ಅಡ್ಡಗೆರೆ ಎಳೆದು, ಅದರ ಮೇಲೆ 'ಅಳಿಯದ್ದು' ಎಂದು ಗೀಚಿ, ಪಕ್ಕದಲ್ಲಿ ಶಾಯಿಯನ್ನೂ ಚೆಲ್ಲಿದ್ದರು. ಕಸೂತಿಯಕ್ಕ ಒಂದನ್ನೂ ಬಿಡಲಿಲ್ಲ. ಅಡ್ಡಗೆರೆಯನ್ನು ನೆಟ್ಟಗೆ ಹೊಲಿದಳು. ಶಾಯಿಯ ಕಲೆಗೆ ಆರು ಗಂಟು ಹಾಕಿದಳು.

ಚೀಲ ಬಿಡಿಸಿದ ಮೇಷ್ಟ್ರು 'ಅಕ್ಷರ ಎಂದರೆ ಅಳಿಯದ್ದು' ಎಂದು ಗಟ್ಟಿಯಾಗಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಷರಶಃ ಅನ್ನೋದು ಇದನ್ನೇ ನೋಡಿ. ಒಂದೊಂದು ಅಕ್ಷರವೂ ಬರೆದ ಹಾಗೇ."

ಯಜಮಾನಿ ನಗಲಿಲ್ಲ. "ಹೊಡೆದುಹಾಕಿದ್ದು ಕಾಣಲಿಲ್ವಾ ಅಕ್ಕ?"

ಕಸೂತಿಯಕ್ಕ ಕೈಲಿದ್ದ ಸೂಜಿಯನ್ನು ಕೆಳಗಿಟ್ಟಳು. ಕೆಲಸ ಹೋಯಿತೆಂದೇ ಲೆಕ್ಕ. ಇನ್ನು ಕನ್ನಡಕ ಹುಡುಕಿ ಫಲವಿಲ್ಲ. "ಕಾಣ್ತು. ಏನಂತ ತಿಳೀಲಿಲ್ಲ. ನಂಗೆ ಓದೋಕೆ ಬರಲ್ಲ."

ಸಮಾಧಾನ ಮಾಡಲು ಹೊರಟ ಮೇಷ್ಟ್ರು ಅಭ್ಯಾಸಬಲದಿಂದ ಪದದ ಬೇರಿಗೇ ಕೈಹಾಕಿದರು. "ಅನಕ್ಷರಸ್ಥ ಅನ್ನೋದು ಬೈಗುಳ ಅಲ್ಲಮ್ಮ. 'ಸ್ಥ' ಅಂದ್ರೆ ಇರೋರು. ಅಕ್ಷರದಲ್ಲಿ ನೆಲೆ ಇಲ್ಲದೋರು ಅಂತ, ಅಷ್ಟೇ."

ಅವಳಿಗೆ ಎಲ್ಲಿತ್ತೋ ಸಿಟ್ಟು. "ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅದರೊಳಗೇ ಇರ್ತೀನಿ ಮೇಷ್ಟ್ರೇ. ನಿಮಗಿಂತ ಹೆಚ್ಚೇ ಇದ್ದೀನಿ. ಇನ್ನು ಅಳಿಯಲ್ಲ ಅಂತೀರಲ್ಲ, ಬ್ಲೇಡ್ ಕೊಡಿ, ಐದು ನಿಮಿಷದಲ್ಲಿ ಬಿಚ್ಚಿ ತೋರಿಸ್ತೀನಿ."

ಮೇಷ್ಟ್ರು ಚೀಲವನ್ನು ಎದೆಗವಚಿಕೊಂಡರು. ಬಿಚ್ಚಲು ಕೊಡುವ ಮನಸ್ಸಿಲ್ಲ ಅವರಿಗೆ.

ಯಜಮಾನಿ "ಇಪ್ಪತ್ತೆರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ" ಎಂದು ಗೊಣಗುತ್ತ ಒಂದು ಚೀಟಿ ಹರಿದು ಏನೋ ಬರೆದು ಮುಂದೆ ತಳ್ಳಿದರು. "ನಾಳೆಯಿಂದ ಊಟ ಆದ್ಮೇಲೆ ಅರ್ಧ ಗಂಟೆ ನನ್ನ ಹತ್ರ ಕೂತ್ಕೋಬೇಕು. ಇದು ನಿಮ್ಮ ಹೆಸರು. ಇಲ್ಲಿಂದ ಶುರು."

ಕಸೂತಿಯಕ್ಕ ಚೀಟಿಯ ಮೇಲೆ ಬೆರಳಾಡಿಸಿದಳು. ಗೆರೆ, ಕೊಂಬು, ಸುರುಳಿ. ಇನ್ನೊಮ್ಮೆ ಆಡಿಸಿದಳು.

"ಇದು ನಂದಾ?" ಅಂದಳು. "ಆಸ್ಪತ್ರೆಯ ಒಬ್ಬ ನರ್ಸಮ್ಮಂಗೆ ಪ್ರತಿ ವರ್ಷ ಹಾಕ್ಕೊಡ್ತೀನಲ್ಲ ಇದನ್ನ. ಎಷ್ಟು ಚೆಂದ ಇದೆ, ಯಾವ ಪುಣ್ಯವಂತೆ ಹೆಸರೋ ಅಂದ್ಕೊಳ್ತಿದ್ದೆ."